ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಗಡಿಗಳ ಮರುಪರಿಶೀಲನೆ ಕೋರಿ ಮನವಿ ಪತ್ರ

ಇವರಿಗೆ,
ಭಾರತದ ಚುನಾವಣಾ ಆಯೋಗ, ನವದೆಹಲಿ

ಮೂಲಕ: ಮುಖ್ಯ ಚುನಾವಣಾಧಿಕಾರಿಗಳು, ಕರ್ನಾಟಕ, ಬೆಂಗಳೂರು

ವಿಷಯ: ಮುಂದಿನ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯನ್ನು ಒಡೆಯದೆ, ಘಟ್ಟದ ಮೇಲಿನ ನೆರೆಯ ತಾಲ್ಲೂಕುಗಳೊಡನೆ ಒಂದೇ ಲೋಕಸಭಾ ಕ್ಷೇತ್ರವಾಗಿ ರಚಿಸುವ ಬಗ್ಗೆ.

ಮಾನ್ಯರೇ,

ಚಿಕ್ಕಮಗಳೂರು ಜಿಲ್ಲೆಯ ಮತದಾರರ ಪರವಾಗಿ ಸಲ್ಲಿಸಲಾಗುತ್ತಿರುವ ಈ ಮನವಿಯು ಯಾವುದೇ ಪಕ್ಷದ ಅಥವಾ ಅಭ್ಯರ್ಥಿಯ ಹಿತಕ್ಕೆ ಸಂಬಂಧಿಸಿದ್ದಲ್ಲ. ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳ ಎಲ್ಲೆಗಳನ್ನು ಹೊಸದಾಗಿ ಗುರುತಿಸುವ ಪ್ರಕ್ರಿಯೆಗೆ, ಅಂದರೆ ಪುನರ್ವಿಂಗಡಣೆಗೆ, ಮುಂದೆ ಕೈಹಾಕುವಾಗ ಈ ಕ್ಷೇತ್ರದ ಚುನಾವಣಾ ಇತಿಹಾಸವನ್ನೂ ಕಡತದಲ್ಲಿ ಸೇರಿಸಿಕೊಳ್ಳಬೇಕೆಂಬುದಷ್ಟೇ ಇದರ ಉದ್ದೇಶ.

ಮೊದಲ ಮಹಾಚುನಾವಣೆಯಲ್ಲಿ ಈ ಜಿಲ್ಲೆ ಮೈಸೂರು ರಾಜ್ಯದ ಹಾಸನ–ಚಿಕ್ಕಮಗಳೂರು ಕ್ಷೇತ್ರದಲ್ಲಿತ್ತು. ಇಂದು ಇದರೊಡನೆ ಜೋಡಿಸಲ್ಪಟ್ಟಿರುವ ಕರಾವಳಿ ಆಗ ಮದರಾಸು ರಾಜ್ಯದ ಭಾಗವಾಗಿತ್ತು. 1967ರಲ್ಲಿ ಚಿಕ್ಕಮಗಳೂರು ಎಂಬ ಹೆಸರಿನ ಪ್ರತ್ಯೇಕ ಕ್ಷೇತ್ರದಿಂದ ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡರು ಆಯ್ಕೆಯಾದರು. ಕರಾವಳಿಯ ಸೆರಗಿನ ಕೆಲವು ಭಾಗ ಮುಂದೆ ಇದರೊಳಗೆ ಬಂದರೂ ಕ್ಷೇತ್ರದ ನಡು ಘಟ್ಟದ ಮೇಲೆಯೇ ಉಳಿದಿತ್ತು. 1971 ಮತ್ತು 1977ರಲ್ಲಿ ಕಾಂಗ್ರೆಸ್ಸಿನ ಡಿ.ಬಿ. ಚಂದ್ರೇಗೌಡರು ಗೆದ್ದರು.

ಇಡೀ ದೇಶ ಈ ಕ್ಷೇತ್ರದ ಹೆಸರನ್ನು ಕೇಳಿದ್ದು 1978ರಲ್ಲಿ. ಹಿಂದಿನ ವರ್ಷ ಉತ್ತರ ಭಾರತದಲ್ಲಿ ನೆಲಕಚ್ಚಿದ್ದ ಕಾಂಗ್ರೆಸ್, ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಉಳಿಸಿಕೊಂಡಿದ್ದರಿಂದ, ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಚಂದ್ರೇಗೌಡರು ಸ್ಥಾನ ತೆರವು ಮಾಡಿದರು. ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಇಂದಿರಾ ಅವರು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆದರೆ ಸದನದ ಹಕ್ಕಿಗೆ ಚ್ಯುತಿ ತಂದರೆಂಬ, ಈ ಕ್ಷೇತ್ರಕ್ಕೆ ಯಾವ ಸಂಬಂಧವೂ ಇಲ್ಲದ ಹಳೆಯ ಆರೋಪದ ಮೇಲೆ ಲೋಕಸಭೆಯು ಡಿಸೆಂಬರ್ 19ರಂದು ಅವರನ್ನು ಉಚ್ಚಾಟಿಸಿತು. ಆ ನಿರ್ಣಯವನ್ನು ಮುಂದಿನ ಲೋಕಸಭೆ 1981ರ ಮೇ 7ರಂದು ರದ್ದುಪಡಿಸಿತಾದರೂ, ಅಷ್ಟರಲ್ಲಿ ಇಂದಿರಾ ಅವರು ಮೆದಕ್‌ನ ಪ್ರತಿನಿಧಿಯಾಗಿ, ಪ್ರಧಾನಿಯಾಗಿ ವರ್ಷ ಮೀರಿತ್ತು. ಪುಸ್ತಕಗಳು ಈ ಉಪಚುನಾವಣೆಯನ್ನು ರಾಜಕೀಯ ಮರುಜನ್ಮವೆಂದು ಬಣ್ಣಿಸುತ್ತವೆ. ಮತ ಹಾಕಿದವರ ಪಾಲಿಗೆ ದಕ್ಕಿದ್ದು ಸುಮಾರು ಆರು ವಾರಗಳ ಪ್ರಾತಿನಿಧ್ಯ.

ಅನಂತರದ ಕಾಲು ಶತಮಾನದಲ್ಲಿ ಡಿ.ಎಂ. ಪುಟ್ಟೇಗೌಡ, ಡಿ.ಕೆ. ತಾರಾದೇವಿ, ಜನತಾದಳದ ಬಿ.ಎಲ್. ಶಂಕರ್ ಮತ್ತು 1998ರಿಂದ ಸತತ ಮೂರು ಬಾರಿ ಭಾರತೀಯ ಜನತಾ ಪಕ್ಷದ ಡಿ.ಸಿ. ಶ್ರೀಕಂಠಪ್ಪ ಆಯ್ಕೆಯಾದರು. ಪಕ್ಷಗಳು ಬದಲಾದವು, ಕ್ಷೇತ್ರ ಬದಲಾಗಲಿಲ್ಲ.

ಬದಲಾದದ್ದು 2008ರಲ್ಲಿ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗದ ಆದೇಶದಂತೆ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳು ಐದಾದವು, ಬೀರೂರು ಕ್ಷೇತ್ರ ಅಳಿಯಿತು, ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಹೋಯಿತು. ಉಳಿದ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳನ್ನು ಕುಂದಾಪುರ, ಉಡುಪಿ, ಕಾಪು, ಕಾರ್ಕಳಗಳೊಡನೆ ಕಟ್ಟಿ ಉಡುಪಿ–ಚಿಕ್ಕಮಗಳೂರು ಎಂದು ಹೆಸರಿಡಲಾಯಿತು. ಅತ್ತ ಉಡುಪಿ ಜಿಲ್ಲೆಯ ಬೈಂದೂರು ಶಿವಮೊಗ್ಗಕ್ಕೆ ಸೇರಿತು. ಒಟ್ಟಿನಲ್ಲಿ ಎರಡು ಜಿಲ್ಲೆಗಳೂ ಮುರಿದವು.

ಕ್ಷೇತ್ರಗಳು ಭೌಗೋಳಿಕವಾಗಿ ಒತ್ತಟ್ಟಿಗಿರಬೇಕು, ನೆಲದ ಸ್ವರೂಪ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ ಮತ್ತು ಜನರ ಅನುಕೂಲಗಳನ್ನು ಲಕ್ಷ್ಯದಲ್ಲಿಡಬೇಕು ಎಂದು 2002ರ ಪುನರ್ವಿಂಗಡಣಾ ಕಾಯ್ದೆಯ 9ನೇ ಪ್ರಕರಣವೇ ಹೇಳುತ್ತದೆ. ಈ ಅಳತೆಗೋಲನ್ನು ರಸ್ತೆಯ ಮೇಲಿಟ್ಟು ನೋಡಬಹುದು. ಮೂಡಿಗೆರೆಯವರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟ ಇಳಿದರೆ ತಲುಪುವುದು ದಕ್ಷಿಣ ಕನ್ನಡ ಕ್ಷೇತ್ರದ ಬೆಳ್ತಂಗಡಿ ತಾಲ್ಲೂಕನ್ನು. ಕೊಪ್ಪದವರು ಆಗುಂಬೆ ಘಟ್ಟ ಹಿಡಿದರೆ ಶಿವಮೊಗ್ಗ ಕ್ಷೇತ್ರದ ತೀರ್ಥಹಳ್ಳಿ ತಾಲ್ಲೂಕನ್ನು ಹಾದೇ ಹೆಬ್ರಿಗೆ ಇಳಿಯಬೇಕು. ಸ್ವಂತ ಕ್ಷೇತ್ರದ ಗಡಿ ದಾಟದೆ ಮೇಲಿನಿಂದ ಕೆಳಕ್ಕೆ ಹೋಗುವ ಹೆದ್ದಾರಿ ಒಂದೇ: ಶೃಂಗೇರಿಯಿಂದ ಕೆರೆಕಟ್ಟೆಯ ಮೂಲಕ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡನ್ನು ಸೀಳಿ ಕಾರ್ಕಳಕ್ಕೆ ಇಳಿಯುವ ದಾರಿ. ಕ್ಷೇತ್ರದ ಚುನಾವಣಾಧಿಕಾರಿಯ ಕಚೇರಿ ಇರುವುದು ಮಣಿಪಾಲದ ರಜತಾದ್ರಿಯಲ್ಲಿ. ಅಜ್ಜಂಪುರದ ಕಡೆಯ ಬಯಲುಸೀಮೆಯ ಮತದಾರರಿಗೆ ಅಲ್ಲಿಗೆ ಹೋಗಿಬರುವುದೆಂದರೆ ಇಡೀ ದಿನದ ಕೆಲಸ, ಮಳೆಗಾಲದಲ್ಲಿ ಘಟ್ಟ ಕುಸಿದರೆ ಅದೂ ಇಲ್ಲ.

2009ರಿಂದ ಈಚೆಗೆ, 2012ರ ಉಪಚುನಾವಣೆಯೂ ಸೇರಿ, ಈ ಕ್ಷೇತ್ರದಿಂದ ಆಯ್ಕೆಯಾದ ಡಿ.ವಿ. ಸದಾನಂದಗೌಡ, ಕೆ. ಜಯಪ್ರಕಾಶ್ ಹೆಗ್ಡೆ, ಶೋಭಾ ಕರಂದ್ಲಾಜೆ, ಕೋಟ ಶ್ರೀನಿವಾಸ ಪೂಜಾರಿ ಈ ನಾಲ್ವರೂ ಘಟ್ಟದ ಕೆಳಗಿನ ಮೂಲದವರು. ಇದು ಅವರ ಮೇಲಿನ ದೂರಲ್ಲ. ಮಲ್ಪೆಯ ಮೀನುಗಾರಿಕಾ ಬಂದರು, ಶೃಂಗೇರಿ ಕಡೆಯ ಅಡಕೆ ತೋಟದ ಹಳದಿ ಎಲೆ ರೋಗ, ಮೂಡಿಗೆರೆಯ ಕಾಫಿ ತೋಟಕ್ಕೆ ನುಗ್ಗುವ ಆನೆ, ತರೀಕೆರೆಯ ನೀರಾವರಿ ಇಷ್ಟನ್ನೂ ಒಬ್ಬರೇ ಸಮನಾಗಿ ಹೊರಬೇಕೆಂಬ ವಿಂಗಡಣೆಯ ದೋಷ.

ಜನಸಂಖ್ಯೆಯ ಮಾತನ್ನು ಮರೆಮಾಚುವ ಉದ್ದೇಶ ಮನವಿದಾರರಿಗಿಲ್ಲ. 2001ರಲ್ಲಿ 11.41 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11.38 ಲಕ್ಷಕ್ಕೆ ಇಳಿದಿದೆ. ರಾಜ್ಯದ 28 ಕ್ಷೇತ್ರಗಳ ಸರಾಸರಿ ಅದೇ ಜನಗಣತಿಯಂತೆ ಸುಮಾರು 21.8 ಲಕ್ಷ. ಜಿಲ್ಲೆಯೊಂದೇ ಕ್ಷೇತ್ರವಾಗಲಾರದು, ಯಾರೊಡನಾದರೂ ಕೂಡಲೇಬೇಕು. ಪ್ರಶ್ನೆ ಇರುವುದು ಯಾರೊಡನೆ ಎಂಬಲ್ಲಿ.

ಆದ್ದರಿಂದ ಮೊದಲ ಬೇಡಿಕೆಯೆಂದರೆ, ಕಡೂರನ್ನು ಮರಳಿಸಿ ಜಿಲ್ಲೆಯ ಐದೂ ವಿಧಾನಸಭಾ ಕ್ಷೇತ್ರಗಳಿಗೆ ಬೇಲೂರು, ಸಕಲೇಶಪುರ, ತೀರ್ಥಹಳ್ಳಿಗಳನ್ನು ಸೇರಿಸುವುದು. ಇದರಿಂದ ಈಗಿನ ಕ್ರಮದಂತೆ ಎಂಟರ ಸಂಖ್ಯೆ ತುಂಬುತ್ತದೆ. ಕಾಫಿ, ಅಡಕೆ, ಕಾಡಾನೆಗಳ ಸಮಸ್ಯೆ ಒಂದೇ ಸೂರಿನಡಿ ಬರುತ್ತದೆ. ಬೇಲೂರಂತೂ ಚಿಕ್ಕಮಗಳೂರು ನಗರದಿಂದ ಮೂವತ್ತು ಕಿಲೋಮೀಟರಿನೊಳಗಿದೆ. ಜನಸಂಖ್ಯೆಯಲ್ಲಿ ಈ ಕ್ಷೇತ್ರ ಸರಾಸರಿಗಿಂತ ಕಡಿಮೆಯಾದೀತು, ಉಡುಪಿ, ಹಾಸನ ಮತ್ತು ಶಿವಮೊಗ್ಗದ ಲೆಕ್ಕವನ್ನು ಹೊಸದಾಗಿ ಕೂಡಿಸಬೇಕಾದೀತು. ಆ ತೊಡಕು ಸಣ್ಣದಲ್ಲ. ಆದರೆ ನೆಲದ ಸ್ವರೂಪವನ್ನು ಗಮನಿಸಲು ಕಾಯ್ದೆಯೇ ಕೊಟ್ಟಿರುವ ಅವಕಾಶವನ್ನು ಬಳಸದೆ ಕೇವಲ ತಲೆಯೆಣಿಕೆಯಿಂದ ಗೆರೆ ಎಳೆದದ್ದರ ಫಲ ಈಗಾಗಲೇ ಕಣ್ಣೆದುರಿಗಿದೆ.

ಎರಡನೆಯದು ವಿಚಾರಣೆಯ ರೀತಿಗೆ ಸಂಬಂಧಿಸಿದ್ದು. 2002ರ ಕಾಯ್ದೆಯಡಿ ಪುನರ್ವಿಂಗಡಣಾ ಆಯೋಗಕ್ಕೆ ನೆರವಾಗಲು ಪ್ರತಿ ರಾಜ್ಯದಿಂದ ಸಂಸದರು ಹಾಗೂ ಶಾಸಕರು ಸಹ ಸದಸ್ಯರಾಗಿರುತ್ತಿದ್ದರು, ಆದರೆ ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ಅಂತಿಮ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತೆಯೂ ಇರಲಿಲ್ಲ. ಹೀಗಿರುವಾಗ ಕರಡು ಹಂತದ ಸಾರ್ವಜನಿಕ ವಿಚಾರಣೆಯೇ ಮತದಾರರಿಗಿರುವ ಏಕೈಕ ಬಾಗಿಲು. ಆ ವಿಚಾರಣೆಯನ್ನು ಚಿಕ್ಕಮಗಳೂರು, ಕೊಪ್ಪ, ತರೀಕೆರೆಗಳಲ್ಲಿ ಕನ್ನಡದಲ್ಲಿಯೇ ನಡೆಸಬೇಕು. ಕರಡು ಆದೇಶವನ್ನು ನಕ್ಷೆ ಸಹಿತ ಕನ್ನಡದಲ್ಲಿ ಪ್ರಕಟಿಸಿ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ಆಕ್ಷೇಪಣೆಯನ್ನು ತಳ್ಳಿಹಾಕಿದರೆ ಕಾರಣವನ್ನು ಬರೆಯಬೇಕು.

ಈ ಮನವಿಯನ್ನು ಸ್ವೀಕರಿಸಿ, ಪುನರ್ವಿಂಗಡಣೆಗೆ ಸಂಬಂಧಿಸಿದ ಕಡತದಲ್ಲಿ ದಾಖಲಿಸಿ, ಅದರ ಸಂಖ್ಯೆಯನ್ನು ಚಿಕ್ಕಮಗಳೂರು ಜಿಲ್ಲಾಧಿಕಾರಿಗಳ ಕಚೇರಿಯ ಮೂಲಕ ಮನವಿದಾರರಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರಲಾಗಿದೆ.

ಚಿಕ್ಕಮಗಳೂರು ಜಿಲ್ಲೆಯ ಮತದಾರರ ಪರವಾಗಿ,
ಮನವಿದಾರರು