ಬೈಸಿಕಲ್ಲಿನ ಅಳತೆ

ಶಾಲೆಗಳು ತೆರೆಯುವ ಕಾಲವು ಸಮೀಪಿಸಿತೆಂದರೆ ಮಕ್ಕಳುಳ್ಳ ಮನೆಗಳಲ್ಲಿ ಬೈಸಿಕಲ್ಲಿನ ಮಾತು ಏಳುವುದು ಸಹಜ. ನಮ್ಮ ಮನೆಯಲ್ಲಿಯೂ ಎದ್ದಿತು. ಹದಿಮೂರು ವರ್ಷದ ಮೊಮ್ಮಗಳು ತನಗೆ ಮೌಂಟನ್ ಬೈಕೇ, ಎಂದರೆ ದಪ್ಪ ಟಾಯರಿನ, ಗೇರುಗಳುಳ್ಳ ಬೆಟ್ಟದ ಬೈಸಿಕಲ್ಲೇ ಆಗಬೇಕೆಂದು ಹಟ ಹಿಡಿದಳು. ಪಟ್ಟದಕಲ್ಲಿನ ಸುತ್ತಣ ದಾರಿಗಳನ್ನು ಬಲ್ಲವರು ಇದನ್ನು ಬರಿಯ ಷೋಕಿಯೆನ್ನಲಾರರು. ಡಾಂಬರನ್ನು ಬಿಟ್ಟು ಹತ್ತು ಮಾರು ಹೋದರೆ ಎರೆಯ ನೆಲ, ಅದನ್ನು ದಾಟಿದರೆ ಮರಳುಗಲ್ಲಿನ ದಿನ್ನೆ. ಹಣದ ವಿಚಾರವು ಹೇಗೋ ಬಗೆಹರಿಯಿತು. ಯಾವ ಅಳತೆಯದನ್ನು ತರಬೇಕೆಂಬುದು ಮಾತ್ರ ಉಳಿಯಿತು.

ಮನೆಗೆ ಬಂದಿದ್ದ ಹಿರಿಯರೊಬ್ಬರು, "ಬೆಳಿಯೋ ಹುಡುಗಿ, ಒಂದೀಟು ದೊಡ್ಡದನ್ನ ತೊಗೊಳ್ರಿ ಮಾಸ್ತರ, ನಾಕ್ ವರ್ಷ ಬಾಳಿಕಿ ಬರತೈತಿ" ಎಂದರು. ಅಂಗಿ ಪರಕರಗಳ ವಿಷಯದಲ್ಲಿ ಇದು ಒಳ್ಳೆಯ ಸಲಹೆಯೇ ಸರಿ. ಅಷ್ಟರಲ್ಲಿ ಒಳಗಿನಿಂದ ನಮ್ಮ ಮಗಳು, "ಅಪ್ಪಾ, ಈ ಸಲ ಹಂಗ ಮಾಡಬ್ಯಾಡ್ರಿ" ಎಂದಳು. ಅಷ್ಟೇ ಎಂದಳು.

2003ರಲ್ಲಿ, ಅವಳು ಎಂಟನೆಯ ತರಗತಿಯಲ್ಲಿದ್ದಾಗ, ಇದೇ ಮಿತವ್ಯಯದ ಬುದ್ಧಿಯಿಂದ ನಾವು ಅವಳಿಗೆ ಮೀರಿದ ಬೈಸಿಕಲ್ಲೊಂದನ್ನು ತಂದುಕೊಟ್ಟಿದ್ದೆವು. ನಾವು ಸ್ವತಃ ತಂದೆಯವರ 24 ಇಂಚಿನ ಕರಿಯ ಬೈಸಿಕಲ್ಲಿನ ತ್ರಿಕೋಣದೊಳಗೆ ಕಾಲು ತೂರಿಸಿ, ಒಳಪೆಡಲು ಹೊಡೆದು ಕಲಿತವರು. ಮಕ್ಕಳೆಂದ ಮೇಲೆ ಹಾಗೆಯೇ ಕಲಿಯತಕ್ಕದ್ದೆಂದು ತಿಳಿದಿದ್ದೆವು. ಮೂರನೆಯ ವಾರ ಹೊಳೆಯ ಕಡೆಯ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂದಿತು. ಅವಳು ಕಾಲು ಚಾಚಿದಳು, ನೆಲವು ಸಿಕ್ಕಲಿಲ್ಲ. ಮುಂಗೈಯ ಎಲುಬು ಮುರಿಯಿತು. ಎಲುಬೇನೋ ಕೂಡಿಕೊಂಡಿತು, ಆದರೆ ಆ ಹುಡುಗಿ ಬೈಸಿಕಲ್ಲನ್ನು ಮತ್ತೆ ಮುಟ್ಟಲಿಲ್ಲ. ಹತ್ತನೆಯ ತರಗತಿ ಮುಗಿಯುವವರೆಗೂ ಬಸ್ಸಿನ ದಾರಿ ಕಾಯುತ್ತ ನಿಂತಳು. ನಾವು ಅದನ್ನು ಅಂಜುಬುರುಕುತನವೆಂದು ಎಣಿಸಿದ್ದಲ್ಲದೆ, ಬಾಯಿಬಿಟ್ಟು ಆಡಿಯೂ ಇದ್ದೆವು.

ಆ ಮಾತು ತಪ್ಪೆಂಬುದು ನಮಗೆ ತಿಳಿದದ್ದು ಶಾಲೆಯ ಅಂಗಳದಲ್ಲಿ. 2006-07ರಲ್ಲಿ ಸರಕಾರವು ಎಂಟನೆಯ ತರಗತಿಯ ಹುಡುಗಿಯರಿಗೆ ಬೈಸಿಕಲ್ಲುಗಳನ್ನು ಕೊಡಲಾರಂಭಿಸಿದಾಗ, ಸ್ಪ್ಯಾನರು ಹಿಡಿದು ಸೀಟುಗಳನ್ನು ಏರಿಸಿ ಇಳಿಸುವ ಕೆಲಸವು ಸಂಸ್ಕೃತದ ಮಾಸ್ತರನ ಪಾಲಿಗೂ ಬಂದಿತು. ಸರಿಸಮ ಎತ್ತರದ ಇಬ್ಬರು ಹುಡುಗಿಯರಲ್ಲಿ ಒಬ್ಬಳ ಕಾಲು ಉದ್ದ, ಇನ್ನೊಬ್ಬಳದು ಗಿಡ್ಡ. ವಯಸ್ಸನ್ನು ಕೇಳಿದರೆ ಇದು ತಿಳಿಯದು, ತಲೆಯ ಎತ್ತರವನ್ನು ಅಳೆದರೂ ಪೂರ್ತಿ ತಿಳಿಯದು.

ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು "26 ಬೇಕೋ, 27.5 ಬೇಕೋ, 29 ಬೇಕೋ" ಎಂಬ ಪ್ರಶ್ನೆ. ವಾಚಕರು ಇಲ್ಲಿ ಎಚ್ಚರವಾಗಿರಬೇಕು. ಈ ಅಂಕಿಗಳು ಗಾಲಿಯ ವ್ಯಾಸವನ್ನು ಹೇಳುವುವೇ ಹೊರತು ಚೌಕಟ್ಟನ್ನಲ್ಲ. ಚೌಕಟ್ಟಿನ, ಅಂದರೆ ಫ್ರೇಮಿನ ಅಳತೆಯನ್ನು ಪೆಡಲಿನ ಅಚ್ಚಿನಿಂದ ಸೀಟಿನ ಕಂಬದ ಗುಂಟ ಮೇಲಕ್ಕೆ ಎಣಿಸುತ್ತಾರೆ. ಹಳೆಯ ಕರಿಯ ಬೈಸಿಕಲ್ಲುಗಳಲ್ಲಿ ಅಡ್ಡದಂಡವು ನೆಲಕ್ಕೆ ಸಮನಾಗಿದ್ದುದರಿಂದ 22 ಇಲ್ಲವೆ 24 ಎಂದರೆ ಎಲ್ಲವೂ ತಿಳಿಯುತ್ತಿತ್ತು. ಈಗಿನವುಗಳ ದಂಡವು ಹಿಂದಕ್ಕೆ ಇಳಿಜಾರಾಗಿರುವುದು. ಅಂಕಿಯನ್ನು ಒಬ್ಬರು ಕಂಬದ ತುದಿಯವರೆಗೆ ಎಣಿಸಿದರೆ, ಮತ್ತೊಬ್ಬರು ದಂಡದ ನಡುವಿನವರೆಗೆ ಎಣಿಸುವರು. ಆದುದರಿಂದ ಒಂದು ಕಂಪನಿಯ 16 ಇನ್ನೊಂದರ 16 ಆಗಲೇಬೇಕೆಂದಿಲ್ಲ.

ಹಾಗಾದರೆ ನಂಬತಕ್ಕದ್ದು ಯಾವುದನ್ನು? ಏರುವವರ ಮೈಯನ್ನೇ. ಶುಲ್ಬಸೂತ್ರಗಳಲ್ಲಿ ಅಗ್ನಿಚಯನದ ವೇದಿಗೆ ಯಜಮಾನನು ಕೈಯೆತ್ತಿ ನಿಂತ ಎತ್ತರವೇ ಮಾನ. 'ಪುರುಷ'ವೆಂದು ಅದರ ಹೆಸರು. ಇಟ್ಟಿಗೆಯ ವೇದಿಗೆ ಇರುವ ಈ ವಿವೇಕವು ಮಗು ಏರಿ ಕೂಡುವ ವಾಹನಕ್ಕೆ ಬೇಡವೆ? ನಮ್ಮ ಊರಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯನ್ನು ಶಾಸನವು ಸೂತ್ರಧಾರಿಯೆಂದು ಕರೆದಿದೆ, ಎಂದರೆ ಅಳೆಯುವ ನೂಲನ್ನು ಹಿಡಿದವನು. ನಾವೂ ಹೊಲಿಗೆಯ ಟೇಪನ್ನು ಹಿಡಿದೆವು.

ಮೊಮ್ಮಗಳನ್ನು ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ, ಪಾದಗಳನ್ನು ಒಂದು ಗೇಣು ಅಗಲಿಸಿ ನಿಲ್ಲಿಸಿದೆವು. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಅವಳ ತಾಯಿಯು ಕಾಲುಗಳ ನಡುವೆ ಸೀಟಿನಂತೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿಗೆ ಗೋಡೆಯ ಮೇಲೆ ಪೆನ್ಸಿಲಿನ ಗೆರೆ ಎಳೆದಳು. ನೆಲದಿಂದ ಗೆರೆಗೆ 68 ಸೆಂಟಿಮೀಟರು. ಮೂರು ಸಲ ಅಳೆದು ನೋಡುವುದು ಒಳ್ಳೆಯದು; ಮೊದಲನೆಯ ಸಲ ಮಕ್ಕಳು ನಕ್ಕು ಅಲುಗಾಡಿಬಿಡುವರು. ಈ ಸೆಂಟಿಮೀಟರುಗಳನ್ನು 0.225ರಿಂದ ಗುಣಿಸಿದರೆ ಬೆಟ್ಟದ ಬೈಸಿಕಲ್ಲಿನ ಚೌಕಟ್ಟು ಇಂಚುಗಳಲ್ಲಿ ಸಿಕ್ಕುವುದೆಂಬ ಲೆಕ್ಕವೊಂದು ರೂಢಿಯಲ್ಲಿದೆ. ನಮಗೆ 15.3 ಬಂದಿತು.

ಅಂಗಡಿಯಲ್ಲಿದ್ದವು 14 ಮತ್ತು 16. ಲೆಕ್ಕವು ಇಲ್ಲಿಗೆ ಮುಗಿದು ಪರೀಕ್ಷೆಯು ಆರಂಭವಾಗುವುದು. ದಿನವೂ ಹಾಕುವ ಬೂಟನ್ನೇ ಹಾಕಿಸಿ, ಅಡ್ಡದಂಡದ ಇಬ್ಬದಿಗೂ ಕಾಲೂರಿ ನಿಲ್ಲೆಂದೆವು. 16ರಲ್ಲಿ ದಂಡವು ಮೈಗೆ ತಾಕಿಯೇಬಿಟ್ಟಿತು. 14ರಲ್ಲಿ ನಡುವೆ ನಾಲ್ಕು ಬೆರಳು ತೆರವಿತ್ತು. ಡಾಂಬರಿನ ಮೇಲೆ ಓಡುವ ಬೈಸಿಕಲ್ಲಿಗೆ ಒಂದೆರಡು ಇಂಚು ತೆರವು ಸಾಕಾದೀತು. ಕಲ್ಲುದಾರಿಯಲ್ಲಿ ಒಂದು ಕಾಲು ಮೇಲಕ್ಕೂ ಒಂದು ತಗ್ಗಿಗೂ ಬೀಳುವುದರಿಂದ ಎರಡರಿಂದ ನಾಲ್ಕು ಇಂಚಾದರೂ ಇರಬೇಕು. ಬಳಿಕ ಸೀಟಿನ ಮೇಲೆ ಕೂಡ್ರಿಸಿ ಕೈಗಳನ್ನು ನೋಡಿದೆವು. ಹ್ಯಾಂಡಲು ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ಬಡಿಗೆಯಂತೆ ನೆಟ್ಟಗಾದರೆ ಚೌಕಟ್ಟು ಉದ್ದವೆಂದರ್ಥ. ಈ ಉದ್ದವನ್ನು ತಯಾರಕರು ರೀಚ್ ಎಂಬ ಹೆಸರಿನಿಂದ ಬೇರೆಯಾಗಿ ಮುದ್ರಿಸುವುದುಂಟು. ಎರಡು ಕಂಪನಿಗಳನ್ನು ತೂಗಿ ನೋಡುವವರಿಗೆ ಇಂಚಿನ ಅಂಕಿಗಿಂತ ಅದೇ ಮೇಲು.

ಎರಡು ಅಳತೆಗಳ ನಡುವೆ ಸಿಕ್ಕಿಕೊಂಡವರು ಚಿಕ್ಕದನ್ನೇ ಆರಿಸಿರೆಂದು ನಾವು ಹೇಳುವೆವು. ಸೀಟಿನ ಕೊಳವೆಯನ್ನು ಹುಡುಗಿ ಬೆಳೆದಂತೆ ಏರಿಸಬಹುದು, ಆದರೆ ಅಡ್ಡದಂಡವನ್ನು ಇಳಿಸುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ಏರಿಸುವುದಕ್ಕೂ ಮಿತಿಯುಂಟು: ಕೊಳವೆಯ ಮೇಲೆ ಕೊರೆದಿರುವ ಗೆರೆಯು ಹೊರಗೆ ಕಾಣಿಸಬಾರದು, ಕಂಡರೆ ಕೊಳವೆಯಾಗಲಿ ಚೌಕಟ್ಟಾಗಲಿ ಮುರಿಯುವ ಭಯವಿದೆ. ಎತ್ತರವನ್ನು ಗೊತ್ತುಮಾಡಲು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿಸಿರಿ, ಕಾಲು ನೆಟ್ಟಗಾಗಬೇಕು. ಅಂಗಾಲಿನ ಮುಂಭಾಗದಿಂದ ತುಳಿದಾಗ ಮೊಣಕಾಲು ತಾನಾಗಿ ಬೇಕಾದಷ್ಟು ಬಾಗುವುದು. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಎರಡು ಬೆರಳು ತಗ್ಗಿಸಿದರೆ ಧೈರ್ಯ ಬರುವುದು.

14ನ್ನೇ ತಂದೆವು. ಮೊಮ್ಮಗಳು ಎರಡನೆಯ ದಿನವೇ ಹೊಳೆಯ ಇಳಿಜಾರಿಗೆ ಹೋಗಿಬಂದು, "ಅಜ್ಜಾ, ಎಲ್ಲಿ ನಿಂತರೂ ಕಾಲು ನೆಲಕ್ಕ ಹತ್ತತಾವು" ಎಂದಳು. ಗೋಡೆಯ ಗೆರೆಯ ಪಕ್ಕದಲ್ಲಿ ತಾರೀಖು ಬರೆದಿಟ್ಟಿದ್ದೇವೆ; ಆರು ತಿಂಗಳಿಗೊಮ್ಮೆ ಅಳೆದು ಸೀಟನ್ನು ಏರಿಸತಕ್ಕದ್ದೆಂದು ಗೊತ್ತುಮಾಡಿದೆವು. ಆದರೆ ಮೊನ್ನೆ ಸಂಜೆ ನೋಡಿದರೆ ಸೀಟು ಆಗಲೇ ಮೂರು ಬೆರಳು ಏರಿತ್ತು. ಹುಡುಗಿಯನ್ನು ಕೇಳಿದೆವು. ಅವಳು ಅಡಿಗೆಮನೆಯ ಕಡೆಗೆ ಬೆರಳು ತೋರಿಸಿದಳು. ಅಲ್ಲಿ ಅವಳ ತಾಯಿ ಸೆರಗಿನಿಂದ ಬೆವರು ಒರಸಿಕೊಳ್ಳುತ್ತ ನಿಂತಿದ್ದಳು.