ಒಂದು ವರ್ಷ ತಡವಾದರೆ ನಷ್ಟವೇ?

ಆಟದಲ್ಲಿ ಚುರುಕಾದ ಮಕ್ಕಳ ಬಗ್ಗೆ ನಮ್ಮಲ್ಲಿ ಕೇಳಿಬರುವುದು ಎರಡೇ ಮಾತು. "ಇವನಿಗೆ ಓದು ಯಾಕೆ, ಆಟಕ್ಕೆ ಕಳಿಸಿ" ಎನ್ನುವವರು ಕೆಲವರು. "ಆಟ ಸಾಕು, ಎಸ್ಸೆಸ್ಸೆಲ್ಸಿ ಹತ್ತಿರ ಬಂತು" ಎನ್ನುವವರು ಹಲವರು. ಎರಡೂ ಅವಸರದ ಮಾತೇ. ಇದಕ್ಕೆ ನಾನು ಕೊಡುವ ಉದಾಹರಣೆ ನಮ್ಮ ಊರಿನದಲ್ಲ, ನಾವು ಆಡುವ ಆಟದ್ದೂ ಅಲ್ಲ. ಆಟ ಐಸ್ ಹಾಕಿ, ಆಟಗಾರ ಕೆನಡಾದ ಕೇಲ್ ಮಕಾರ್.

ಈ ಆಟ ನೋಡದವರಿಗಾಗಿ ನಾಲ್ಕು ಮಾತು. ಮಂಜುಗಡ್ಡೆಯ ಅಂಗಳದಲ್ಲಿ ಒಂದು ತಂಡದಿಂದ ಒಮ್ಮೆಗೆ ಆರು ಮಂದಿ ಆಡುತ್ತಾರೆ: ಒಬ್ಬ ಗೋಲಿ, ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್. ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ. ಡಿಫೆನ್ಸ್‌ನವನು ಹಿಂದಕ್ಕೆ ಜಾರುತ್ತಲೇ ಮುನ್ನುಗ್ಗುವ ಎದುರಾಳಿಯನ್ನು ತಡೆಯಬೇಕು. ಪಕ್ ಕೈಗೆ ಸಿಕ್ಕಿದರೆ ಕ್ಷಣದಲ್ಲಿ ಮುಂದಿನವನಿಗೆ ದಾಟಿಸಬೇಕು. ಫಾರ್ವರ್ಡ್ ತಪ್ಪಿದರೆ ತಿದ್ದಲು ಹಿಂದೆ ಜನ ಇದ್ದಾರೆ. ಡಿಫೆನ್ಸ್ ತಪ್ಪಿದರೆ ಉಳಿಯುವುದು ಗೋಲಿ ಒಬ್ಬನೇ. ಹಾಗಾಗಿ ಈ ಸ್ಥಾನದ ಆಟ ಮಾಗಲು ಸಮಯ ಬೇಕು.

ಮಕಾರ್ ಹುಟ್ಟಿದ್ದು 1998ರಲ್ಲಿ, ಕ್ಯಾಲ್ಗರಿಯಲ್ಲಿ. ಕೆನಡಾದಲ್ಲಿ ಪ್ರತಿಭಾವಂತ ಹುಡುಗರು ಹದಿನಾರರ ಹೊತ್ತಿಗೆ ಮೇಜರ್ ಜೂನಿಯರ್ ಲೀಗ್ ಸೇರುವುದು ರೂಢಿ. ಆದರೆ ಆಗಿನ ನಿಯಮದಂತೆ ಅಲ್ಲಿ ಆಡಿದವನಿಗೆ ಅಮೆರಿಕದ ಕಾಲೇಜು ತಂಡದ ಬಾಗಿಲು ಮುಚ್ಚಿದಂತೆಯೇ. ಮಕಾರ್ ಅಲ್ಲಿಗೆ ಹೋಗಲಿಲ್ಲ. ಆಲ್ಬರ್ಟಾದ ಬ್ರೂಕ್ಸ್ ಬ್ಯಾಂಡಿಟ್ಸ್ ಎಂಬ ಕೆಳಹಂತದ ತಂಡದಲ್ಲಿ ಆಡಿದ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಸೇರಿದ. ಆ ತಂಡವಾದರೂ ಎಂಥದ್ದು? 2016–17ರಲ್ಲಿ ಗೆದ್ದದ್ದು ಐದೇ ಪಂದ್ಯ!

2017ರಲ್ಲಿ ಕೊಲರಾಡೊ ಅವಲಾಂಚ್ ತಂಡ ಅವನನ್ನು ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಆರಿಸಿತು. ಮೊದಲ ವರ್ಷ ಕಾಲೇಜಿನಲ್ಲಿ ಅವನು ಗಳಿಸಿದ್ದು 34 ಪಂದ್ಯಗಳಲ್ಲಿ 21 ಪಾಯಿಂಟ್ (ಗೋಲು ಹೊಡೆದರೂ, ಹೊಡೆಯಲು ನೆರವಾದರೂ ಒಂದು ಪಾಯಿಂಟ್). 2018ರಲ್ಲೇ ವೃತ್ತಿಪರನಾಗಬಹುದಿತ್ತು. ಆದರೂ ಎರಡನೆಯ ವರ್ಷಕ್ಕೆ ಕಾಲೇಜಿಗೇ ಮರಳಿದ.

ಆ ಒಂದು ವರ್ಷದಲ್ಲಿ ಆದದ್ದನ್ನು ನೋಡಿ. 41 ಪಂದ್ಯಗಳಲ್ಲಿ 49 ಪಾಯಿಂಟ್. ತಂಡಕ್ಕೆ 31 ಗೆಲುವು. ಅಮೆರಿಕದ ಅತ್ಯುತ್ತಮ ಕಾಲೇಜು ಹಾಕಿ ಆಟಗಾರನಿಗೆ ಸಲ್ಲುವ ಹೋಬಿ ಬೇಕರ್ ಪ್ರಶಸ್ತಿ ಅವನಿಗೆ ಬಂತು. 2019ರ ಏಪ್ರಿಲ್ 13ರಂದು ರಾಷ್ಟ್ರೀಯ ಫೈನಲ್‌ನಲ್ಲಿ ಮಿನೆಸೋಟ ಡುಲೂತ್ ಎದುರು ತಂಡ 0–3ರಿಂದ ಸೋತಿತು. ಎರಡೇ ದಿನ ಕಳೆದು, 15ರಂದು, ಅವನು ಅವಲಾಂಚ್ ಪರವಾಗಿ ಪ್ಲೇಆಫ್ ಪಂದ್ಯಕ್ಕಿಳಿದ. ಎದುರಾಳಿ ಅವನ ಹುಟ್ಟೂರಿನದೇ ತಂಡ, ಕ್ಯಾಲ್ಗರಿ ಫ್ಲೇಮ್ಸ್. ಆ ಮೊದಲ ಪಂದ್ಯದಲ್ಲೇ ಗೋಲು!

ಮುಂದಿನದು ದಾಖಲೆಯಲ್ಲಿದೆ. 2020ರಲ್ಲಿ ಅತ್ಯುತ್ತಮ ಹೊಸ ಆಟಗಾರನ ಕಾಲ್ಡರ್ ಟ್ರೋಫಿ. 2022ರಲ್ಲಿ ಸ್ಟಾನ್ಲಿ ಕಪ್, ಅದೇ ವರ್ಷ ಅತ್ಯುತ್ತಮ ಡಿಫೆನ್ಸ್ ಆಟಗಾರನ ನಾರಿಸ್ ಟ್ರೋಫಿ, ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಕಾನ್ ಸ್ಮೈತ್ ಟ್ರೋಫಿ. 2025ರಲ್ಲಿ ಮತ್ತೊಮ್ಮೆ ನಾರಿಸ್.

"ಎಲ್ಲರೂ ಮಕಾರ್ ಆಗುತ್ತಾರೆಯೇ ಮಾಸ್ಟ್ರೇ?" ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಕಾಯುವುದರಲ್ಲಿ ಅಪಾಯವೂ ಇತ್ತು. ಮೊಣಕಾಲಿಗೊಂದು ಪೆಟ್ಟು ಬಿದ್ದಿದ್ದರೆ ಸಂಬಳವೂ ಇಲ್ಲ, ಆಟವೂ ಇಲ್ಲ. ಮನೆಯಲ್ಲಿ ಕಷ್ಟವಿರುವ ಹುಡುಗ ಕೈಗೆ ಬಂದ ದುಡ್ಡನ್ನು ಬಿಟ್ಟು ಕಾಯಲಿ ಎಂದು ಉಪದೇಶ ಮಾಡುವ ಹಕ್ಕು ನಮಗಿಲ್ಲ. ಆದರೆ ಕಾಲೇಜಿನಲ್ಲಿ ಆಡುವ ಹೆಚ್ಚಿನವರು ಎನ್‌ಎಚ್‌ಎಲ್ ಮುಟ್ಟುವುದೇ ಇಲ್ಲ ಎನ್ನುವುದೇ ನನ್ನ ವಾದಕ್ಕೆ ಬಲ ಕೊಡುತ್ತದೆ. ಆಟ ಕೈಬಿಟ್ಟ ದಿನ ಓದು ಕೈಹಿಡಿಯಬೇಕಲ್ಲ?

ನನ್ನ ಮಟ್ಟಿಗೆ ತಪ್ಪು ಇದ್ದದ್ದು ಆ ಹಳೆಯ ನಿಯಮದಲ್ಲಿ. ಮೀಸೆ ಮೂಡದ ಹುಡುಗನಿಗೆ "ಇದೋ ಅದೋ, ಈಗಲೇ ಹೇಳು, ಆಮೇಲೆ ಬದಲಿಸುವಂತಿಲ್ಲ" ಎಂದರೆ ಅದು ಆಯ್ಕೆಯಲ್ಲ, ಬಲವಂತ. 2024ರ ನವೆಂಬರ್‌ನಲ್ಲಿ ಆ ನಿಷೇಧವನ್ನು ತೆಗೆಯುವ ತೀರ್ಮಾನವಾಯಿತು, 2025ರ ಆಗಸ್ಟ್‌ನಿಂದ ಜಾರಿಗೂ ಬಂತು. ತಡವಾದರೂ ಒಳ್ಳೆಯ ಕೆಲಸ.

ನಮ್ಮ ಶಾಲೆಗಳಲ್ಲಿ ಐಸ್ ಹಾಕಿ ಇಲ್ಲ, ನಿಜ. ಕಬಡ್ಡಿ ಇದೆ, ಓಟ ಇದೆ, ಫುಟ್‌ಬಾಲ್ ಇದೆ. ಉಪಜಿಲ್ಲಾ ಕ್ರೀಡಾಕೂಟದಲ್ಲಿ ಗೆದ್ದು ಬಂದ ಮಗುವಿಗೆ ಸಂಜೆ ಮೈದಾನವೂ ಇರಲಿ, ಬೆಳಿಗ್ಗೆ ತರಗತಿಯೂ ಇರಲಿ. ಅಭ್ಯಾಸಕ್ಕೆ ಹೋಗಿ ತಪ್ಪಿದ ಪಾಠವನ್ನು ಮತ್ತೊಮ್ಮೆ ಹೇಳಿಕೊಡುವ ಹೊಣೆ ನಮ್ಮದು, ಮೇಷ್ಟ್ರುಗಳದ್ದು. ಎರಡರಲ್ಲಿ ಒಂದನ್ನು ಬಿಡಿಸುವ ಅವಸರ ಬೇಡ ಎಂದಷ್ಟೇ ಹೆತ್ತವರಲ್ಲಿ ನನ್ನ ವಿನಂತಿ. ಒಂದು ವರ್ಷ ತಡವಾದರೆ ಮಾಗಿದ ಹಣ್ಣಿನ ರುಚಿ ಕೆಡುವುದಿಲ್ಲ.