ಮರ ಹತ್ತುವ ನೆಲಗಪ್ಪೆ

ಹೈದರಾಬಾದಿನ ನಮ್ಮ ಕೊಂಡಾಪುರದಲ್ಲಿ ಮಳೆ ಬಿದ್ದ ರಾತ್ರಿ ನೆಲಗಪ್ಪೆ ರಸ್ತೆಗೇ ಬಂದು ಕೂರುತ್ತೆ. ಗುಂಡಿಯೋ ಚರಂಡಿಯೋ, ನಿಂತ ನೀರಿದ್ದರೆ ಅದಕ್ಕೆ ಸಾಕು. ಪಶ್ಚಿಮಘಟ್ಟದ ಮಳೆಕಾಡಿನಲ್ಲಿರುವ ಅದರ ನಂಟ, ಮಲಬಾರ್ ಟ್ರೀ ಟೋಡ್, ಅಷ್ಟು ಸುಲಭಕ್ಕೆ ಬಗ್ಗುವ ಪ್ರಾಣಿಯಲ್ಲ. 1875ರ ಸುಮಾರಿಗೆ ಗುಂಥರ್ ಎಂಬ ಪ್ರಾಣಿಶಾಸ್ತ್ರಜ್ಞ ಇದನ್ನು ಲೋಕಕ್ಕೆ ಪರಿಚಯಿಸಿದ. ಜಾತಿಯಲ್ಲಿ ನೆಲಗಪ್ಪೆ, ವಾಸ ಮಾತ್ರ ಮರದ ಮೇಲೆ! ಮರದ ಪೊಟರೆಯಲ್ಲಿ ಅಡಗಿದ್ದು, ಮುಂಗಾರು ಹಿಡಿದಾಗ ಮೊಟ್ಟೆಯಿಡಲು ಕಾಡಿನ ಹಳ್ಳಕ್ಕೆ ಇಳಿಯುತ್ತದೆ. ಅಂದಮೇಲೆ ಅದಕ್ಕೆ ಮುದಿ ಮರವೂ ಬೇಕು, ಪಕ್ಕದಲ್ಲೇ ಹಳ್ಳವೂ ಬೇಕು. ‘ಒಂದು ಮರ ಕಡಿದರೆ ಹತ್ತು ಸಸಿ ನೆಡ್ತೀವಿ’ ಅನ್ನೋರ ಲೆಕ್ಕವನ್ನು ಅದಕ್ಕೇ ನಾನು ಒಪ್ಪೋದಿಲ್ಲ. ಗೆಳೆಯರೇ, ಆ ಸಸಿಯಲ್ಲಿ ಪೊಟರೆ ಆಗೋದು ಯಾವ ಕಾಲಕ್ಕೆ? ಅಲ್ಲಿಯವರೆಗೆ ಈ ಕಪ್ಪೆ ಎಲ್ಲಿ ಕೂತಿರಬೇಕು?